ಫಿಲ್ಟರಿಗೆ ಎಣ್ಣೆ

ಹಳ್ಳಿಮೈಸೂರಿನ ಹತ್ತಿರ, ಮಣ್ಣು ಹಾದಿಯಲ್ಲಿ ಜನರಿಗೆ ಎಟಿವಿ ಎಂಬ ದಪ್ಪ ಚಕ್ರದ ನಾಲ್ಕು ಗಾಲಿ ಬೈಕು ಓಡಿಸಲು ಕೊಡುವ ಜಾಗದಲ್ಲಿ ಗಾಡಿ ನೋಡಿಕೊಳ್ಳುವುದು ನನ್ನ ಕೆಲಸ. ಗಾಡಿ ಜೊತೆ ಬಂದಿದ್ದ ಕಾಗದದ ಏರ್ ಫಿಲ್ಟರ್ ತೆಗೆಸಿ, ಸಾಹುಕಾರರು ಹೊರಗಿನಿಂದ ಸ್ಪಂಜಿನದು ತಂದು ಹಾಕಿಸಿದ್ದರು. ಅದನ್ನು ಮೊದಲ ಸಲ ನಾನೇ ಬಿಚ್ಚಿ, ಮಗಳ ಫ್ರಾಕಿನಂತೆ ಸೋಪು ಹಾಕಿ ತೊಳೆದು, ಬಿಸಿಲಲ್ಲಿ ಒಣಗಿಸಿ ಕೂರಿಸಿದೆ. ಗಾಡಿ ಒಂದು ಸುತ್ತು ಹೋಗಿಬಂತು.

ಮಕ್ಕಳನ್ನು ಕರೆತಂದಿದ್ದ ಬೋರ್‌ವೆಲ್ ಲಾರಿಯ ಮೆಕ್ಯಾನಿಕ್ ಒಬ್ಬರು ಸುಮ್ಮನಿರಲಾರದೆ ಸೀಟು ಎತ್ತಿ ಫಿಲ್ಟರ್ ಮುಟ್ಟಿ ನೋಡಿದರು.

"ಏನವ್ವ, ಎಣ್ಣೆನೇ ಹಚ್ಚಿಲ್ವಲ್ಲ?"

"ಜಡೆ ಹಾಕೋಕಾ ಸಾ? ಎಣ್ಣೆ ಹಚ್ಚಿದ್ರೆ ಧೂಳು ಅಂಟ್ಕೊಳಲ್ವಾ?"

"ಅಂಟ್ಕೊಳ್ಳಿ ಅಂತ್ಲೇ ಹಚ್ಚೋದು ಕಣವ್ವ. ಇಲ್ದಿದ್ರೆ ಸೀದಾ ಎಂಜಿನ್ ಒಳಕ್ಕೋಯ್ತದೆ."

ಎಂಜಿನ್ ಹೋದರೆ ನನ್ನ ಕೆಲಸವೂ ಹೋದಂತೆ. ಅವರು ಫಿಲ್ಟರ್ ತೆಗೆದು, ಅದರ ಹಿಂದೆ ಎಂಜಿನ್ನಿಗೆ ಹೋಗುವ ಪೈಪಿನೊಳಗೆ ಬಿಳಿ ಕರ್ಚೀಫು ತಿರುಗಿಸಿ ಈಚೆಗೆಳೆದರು. ಒಂದು ಚೂರೂ ಧೂಳಿನ ಕಲೆಯಿರಲಿಲ್ಲ.

"ಬಚಾವಾದೆ ಓಗು," ಎಂದರು.

ಆಮೇಲೆ ಸ್ಪಂಜಿಗೆ ಎಣ್ಣೆ ಹಚ್ಚಿ, ಹೆಚ್ಚಾದದ್ದನ್ನು ಹಿಂಡಿ ತೆಗೆಯುವುದನ್ನೂ ತೋರಿಸಿಕೊಟ್ಟರು.

ಸಂಜೆ ಸಾಹುಕಾರರು ಬಂದಾಗ, ತಾಯಿ ಹೊಟ್ಟೆಯಲ್ಲೇ ಕಲಿತು ಬಂದವಳಂತೆ ಅವರಿಗೆ ಎಲ್ಲವನ್ನೂ ವಿವರಿಸಿದೆ. ಅವರಿಗೂ ಇದು ಹೊಸದೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೂ ಸಾಹುಕಾರರಲ್ಲವೇ, "ಪರವಾಗಿಲ್ಲ, ಸರಿಯಾಗೇ ಕಲ್ತಿದ್ದೀಯ," ಎಂದು ತಲೆಯಾಡಿಸಿದರು.