ಮೊದಲ ರೊಟ್ಟಿ

ಇಚಲಕರಂಜಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಕುರಿ ಕಾಯ್ದು ಬೆಳೆದವಳು. ಕುರಿ ಮಾರಿ, ಮಗ್ಗದ ಕೆಲಸ ಹಿಡಿದ ಮಗನ ಜೊತೆ ಇಲ್ಲಿಗೆ ಬಂದರೂ, ಹಿಂಡು ಕಾದ ನಾಯಿಗೆ ಮೊದಲು ಉಣಿಸುವ ಹಟ್ಟಿಯ ಪದ್ಧತಿ ಬಿಟ್ಟಿರಲಿಲ್ಲ. ರಾತ್ರಿ ಓಣಿ ಕಾದ ಬೀದಿನಾಯಿಗೇ ಮೊದಲ ರೊಟ್ಟಿ. “ಅದರ ಪಾಲು,” ಎನ್ನುವಳು. ನಾಯಿಯ ಮೈ ಮಾತ್ರ ಸವರುತ್ತಿರಲಿಲ್ಲ.

ನನ್ನ ತೊಡೆಯ ಮೇಲಿನ ಸಾಕುನಾಯಿಯನ್ನು ಕಂಡಾಗಲೆಲ್ಲ ಕೇಳುವಳು: “ಅಕ್ಕಾರ, ಇದು ಏನ್ ಕೆಲಸ ಮಾಡತೈತ್ರಿ?”

“ಏನೂ ಇಲ್ಲ ಅಜ್ಜಿ, ಸುಮ್ನ ಪ್ರೀತಿಗೆ ಸಾಕೇನಿ.”

ಒಮ್ಮೆ ಓಣಿಯಲ್ಲಿ ಹಾದುಹೋಗುತ್ತಿದ್ದ ಹಿಂಡಿನಿಂದ ಕುರಿಮರಿಯೊಂದು ನಮ್ಮ ಅಂಗಳಕ್ಕೆ ನುಗ್ಗಿತು. ನನ್ನ ನಾಯಿ ಬೊಗಳುತ್ತ ಅದನ್ನು ಹಿಂಡಿಗೆ ಮುಟ್ಟಿಸಿ ಬಂತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು.

ಮರುದಿನ ಬೆಳಗ್ಗೆ ಬಿಸಿ ರೊಟ್ಟಿ ಹಿಡಿದು ಬಂದಳು. ನಾನು ಕೈಚಾಚಿದೆ.

“ನಿಮಗಲ್ರಿ,” ಎಂದು ನಾಯಿಯ ಮುಂದಿಟ್ಟಳು. “ನಿನ್ನಿ ದುಡದೈತಿ. ಇದು ಅದರ ಪಾಲು.”