ಹುಕುಂ ಗುಂಡಿ

ನಮ್ಮ ಕಾಶಪ್ಪ ಮಾವ ಮಂಚ ಬಿಟ್ಟು ಏಳುವ ಪೈಕಿಯಲ್ಲ. ಔರಾದಿನ ತಹಸೀಲು ಕಚೇರಿಯಲ್ಲಿ ಗುಮಾಸ್ತ. ರಜೆಗೆ ಬೀದರಿನ ಮನೆಗೆ ಬಂದು ಒರಗಿದನೆಂದರೆ ನೀರು, ಅಡಕೆ, ಚಾದರ ಎಲ್ಲ ಹುಕುಮಿನ ಮೇಲೆ ಬರಬೇಕು. ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು; ಉರ್ದು ಬರೆದು ಪಳಗಿದ ಕೈ ಕನ್ನಡಕ್ಕೆ ಹೊರಳಬೇಕಿತ್ತು. ಕಿವಿಯಾದರೂ ಮೊದಲು ಪಳಗಲಿ ಎಂದು ರೇಡಿಯೋ ತಂದ. ವಾರ್ತೆ ಓದುವವನ ದನಿ ಕೇಳಿ, "ಮಾತು ಭಾಳ ನಯ ಅದ. ಇವ ಯಾರಿಗೂ ಹುಕುಂ ಮಾಡೋ ಮನಷಾ ಅಲ್ಲ" ಎನ್ನುತ್ತಿದ್ದ.

ಹಚ್ಚು, ಬಂದ್ ಮಾಡು ಎಂಬ ಗಂಡನ ಕೂಗಿಗೆ ಓಡಾಡಿ ಗುರಮ್ಮತ್ತೆಗೆ ಸಾಕಾಯಿತು. ಒಲೆ ಮುಂದಿನಿಂದಲೇ ಹೇಳಿದಳು: "ನಿಮ್ಮ ಹುಕುಂ ಕಚೇರ್ಯಾಗ ಇಟ್ಟು ಬರ್ರಿ. ಮನ್ಯಾಗ ಜವಾನರಿಲ್ಲ."

ಮಾವನಿಗೆ ನಾಟಿತು. ರೇಡಿಯೋಗೆ ಹೋಗುವ ಕರೆಂಟಿನ ಎರಡು ಎಳೆಗಳಲ್ಲಿ ಒಂದನ್ನು ಕತ್ತರಿಸಿ, ಉದ್ದ ವೈರು ಸೇರಿಸಿ, ತುದಿಗೊಂದು ಗುಂಡಿ ಕೂಡಿಸಿ ದಿಂಬಿನ ಪಕ್ಕ ಇಳಿಬಿಟ್ಟ. ಒತ್ತಿದರೆ ಎಳೆ ಕೂಡಿ ರೇಡಿಯೋ ಮಾತಾಡುತ್ತದೆ. ಮತ್ತೆ ಒತ್ತಿದರೆ ಎಳೆ ಮುರಿದು ಬಾಯಿ ಮುಚ್ಚುತ್ತದೆ. ಹುಕುಂ ಗುಂಡಿ ಎಂದು ಹೆಸರಿಟ್ಟ. ತನ್ನ ಮಾತನ್ನು ಒಂದೇ ಸಲಕ್ಕೆ ಕೇಳುವುದು ಇದೊಂದೇ ಎಂದು ಓಣಿಯವರಿಗೆಲ್ಲ ತೋರಿಸಿದ.

ನಾನು ಹೈದರಾಬಾದಿನ ಕಾಲೇಜಿನಿಂದ ಬಂದಿದ್ದೆ. ಮಧ್ಯಾಹ್ನದ ವಾರ್ತೆ ಮುಗಿದು ಮಾವ ಗುಂಡಿ ಒತ್ತಿದ. ನೆಲ ಒರೆಸುತ್ತಿದ್ದ ಅತ್ತೆ ರೇಡಿಯೋದ ಧೂಳನ್ನೂ ತೆಗೆಯಲೇ ಎಂದು ಕೇಳಿದಳು.

"ಬಂದ್ ಆಗ್ಯದ. ಒರಸು."

ಹಸಿ ಬಟ್ಟೆ ಹಿಡಿದು ಪೆಟ್ಟಿಗೆಯ ಹಿಂದೆ ಕೈ ಹಾಕಿದಳು. ಕೈ ಅಲ್ಲೇ ಉಳಿಯಿತು.

ಅವಳು ಕೂಗಲಿಲ್ಲ. ಅದನ್ನೇ ನಾನು ಇಂದಿಗೂ ನೋಡುತ್ತೇನೆ. ಬಾಯಿ ತೆರೆದಿತ್ತು, ದನಿಯಿರಲಿಲ್ಲ. ಬಳೆಗಳು ಮಾತ್ರ ಪೆಟ್ಟಿಗೆಗೆ ಬಡಿದು ಸಣ್ಣಗೆ ನಡುಗುತ್ತಿದ್ದವು. ಮಾವ ಗುಂಡಿ ಒತ್ತಿದ, ಮತ್ತೆ ಒತ್ತಿದ. ರೇಡಿಯೋ ಹಾಡಿತು, ನಿಂತಿತು, ಹಾಡಿತು. ಕೈ ಬಿಡಲಿಲ್ಲ. ನಾನು ಅವಳ ತೋಳಿಗೆ ಕೈ ಚಾಚಿದೆ.

"ಮುಟ್ಟಬ್ಯಾಡ."

ಅದು ಹುಕುಮಿನ ದನಿಯಲ್ಲ. ನಾನು ತಿರುಗುವಷ್ಟರಲ್ಲಿ ಮಾವ ಮಂಚದಿಂದ ಗೋಡೆಗೆ ಹಾರಿ ಪ್ಲಗ್ಗು ಕಿತ್ತಿದ್ದ. ಅತ್ತೆ ಕುಸಿದಳು. ಉಸಿರಿತ್ತು.

ಅವನು ಕತ್ತರಿಸಿದ್ದು ಕರೆಂಟು ಮರಳಿ ಹೋಗುವ ಎಳೆ. ಬರುವ ಎಳೆ ಹಾಗೇ ಪೆಟ್ಟಿಗೆಗೆ ಕೂಡಿತ್ತು. ದನಿ ಅಡಗಿದ್ದರೂ ಹಿಂಬದಿಯ ತಗಡಿನಲ್ಲಿ ಸಾವು ಕೂತಿತ್ತು. ಗುಂಡಿಯನ್ನು ಮಾವ ಅಂದೇ ಕಲ್ಲಿನಿಂದ ಜಜ್ಜಿದ. ಅಂದಿನಿಂದ ನೀರಿಗೂ ತಾನೇ ಏಳತೊಡಗಿದ.

ಅವನನ್ನು ಕಡೆಯ ಸಲ ಕಂಡದ್ದು ಎಷ್ಟೋ ವರ್ಷಗಳ ಮೇಲೆ, ಭಾಲ್ಕಿಯಲ್ಲಿ, ಮಗಳ ಮನೆಯಲ್ಲಿ. ಮಂಚದ ಮೇಲೆ ಕೂತಿದ್ದ, ಕೈಯಲ್ಲಿ ಟಿವಿಯ ರಿಮೋಟಿತ್ತು. ಇದಕ್ಕೆ ವೈರೇ ಇಲ್ಲ, ಕಣ್ಣಿಗೆ ಕಾಣದ ಬೆಳಕು ಮಿಣುಕಿ ಹುಕುಂ ಮುಟ್ಟಿಸುತ್ತದೆ ಎಂದು ನಾನು ಹೇಳಿದೆ. ಮಾವ ಒತ್ತಿದ, ಪರದೆ ಕಪ್ಪಾಯಿತು.

"ಮುಂದಿನ ಹುಕುಂ ಕೇಳಾಕ ಅದು ಎಚ್ಚರ ಇರಬೇಕಲ್ಲೋ ತಮ್ಮಾ? ಆ ಕೆಂಪು ದೀಪ ನೋಡು. ಸುಮ್ಮ ಆಗ್ಯದ, ಬಂದ್ ಆಗಿಲ್ಲ."

ಅತ್ತೆ ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಾವ ಕೋಲೂರಿ ಎದ್ದು, ಗೋಡೆ ಹಿಡಿದು ನಡೆದು, ಪ್ಲಗ್ಗು ಕಿತ್ತು ಅವಳಿಗೆ ತೋರಿಸಿದ. "ಈಗ ಬಂದ್" ಎಂದ. ಆಮೇಲೆ ಅವಳು ಒಳಗೆ ಬಂದಳು.

ಅವನು ತೀರಿಹೋದ ಮೇಲೆ ಅತ್ತೆಯನ್ನು ನೋಡಲು ಭಾಲ್ಕಿಗೆ ಹೋಗಿದ್ದೆ. ಟಿವಿಯ ಪ್ಲಗ್ಗು ನಾನೇ ಕಿತ್ತು, ಎತ್ತಿ ತೋರಿಸಿದೆ. ಬಟ್ಟೆ ಹಿಡಿದ ಅತ್ತೆ ಹೊಸ್ತಿಲು ದಾಟಲಿಲ್ಲ. ಖಾಲಿ ಮಂಚದ ಕಡೆ ನೋಡುತ್ತ ನಿಂತೇ ಇದ್ದಳು.