ಒಡೆದ ಕಿಟಕಿಯ ಫೋಟೋಗಳು

ನಾನು ಕ್ಯಾಮೆರಾಗೆ ಇನ್ಶೂರೆನ್ಸ್ ಮಾಡಿಸಿದ್ದು ಮುಂದಾಲೋಚನೆಯಿಂದಲ್ಲ. ನಮ್ಮ ಚಿಕ್ಕಮ್ಮನ ಮಗ ಆಗಷ್ಟೇ ಒಂದು ವಿಮಾ ಕಂಪನಿಗೆ ಸೇರಿದ್ದ. ಯಲಹಂಕದ ಹಳೇ ಊರಿನಲ್ಲಿ ನಮ್ಮ ನೆಂಟರಿಷ್ಟರೆಲ್ಲ ಒಂದೇ ಬೀದಿಯಲ್ಲಿದ್ದರು. ಆ ಬೀದಿಯಲ್ಲಿ ಅವನಿಂದ ಪಾಲಿಸಿ ಮಾಡಿಸಿಕೊಳ್ಳದೆ ಉಳಿದ ಬೈಕೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ಕೊನೆಗೆ ನನ್ನ ಕ್ಯಾಮೆರಾ ಬ್ಯಾಗಿನ ಮೇಲೆ ಅವನ ಕಣ್ಣು ಬಿತ್ತು.

"ಅಕ್ಕ, ಮಲೇಷ್ಯಾಗೆ ಹೋಗ್ತಿದೀಯಂತೆ. ಕ್ಯಾಮೆರಾ, ಲೆನ್ಸು, ಲ್ಯಾಪ್‌ಟಾಪು ಎಲ್ಲಾ ಸೇರ್ಸಿ ಒಂದು ಮಾಡ್ಸ್‌ಬಿಡು. ಸ್ವಲ್ಪ ಎಕ್ಸ್‌ಟ್ರಾ ಕಟ್ಟಿದ್ರೆ ಹೊರದೇಶದಲ್ಲಿ ಕಳ್ತನ ಆದ್ರೂ ಸಿಗುತ್ತೆ."

ದಿನಾ ಸಂಜೆ ಬಂದು ಅಮ್ಮ ಮಾಡಿದ ಚಕ್ಕುಲಿ ಖಾಲಿ ಮಾಡಿ ಇದನ್ನೇ ಹೇಳುತ್ತಿದ್ದ. ಅವನ ಕಾಟ ತಪ್ಪಿದರೆ ಸಾಕೆಂದು ಸಹಿ ಹಾಕಿದೆ. ಪೆನ್ನು ಜೇಬಿಗೆ ಸಿಕ್ಕಿಸಿಕೊಳ್ಳುತ್ತಾ, "ನಿಮ್ ಸರ್‌ದೂ ಮಾಡ್ಸೋಣ, ಅವ್ರೂ ಬರ್ತಿದಾರಲ್ಲ, ಕೇಳಿ ನೋಡು" ಅಂದ.

ಸರ್ ಅಂದರೆ ನನಗೆ ಫೋಟೋಗ್ರಫಿ ಕಲಿಸಿದವರು. ಯಶವಂತಪುರದ ಸ್ಟೇಷನ್ ಹತ್ತಿರದ ಒಂದು ಗಲ್ಲಿಯಲ್ಲಿ ಅವರ ಸ್ಟುಡಿಯೋ ಇತ್ತು. ಊರು ಸೋಲದೇವನಹಳ್ಳಿ. ಹಳ್ಳಿ ಸುತ್ತ ಕಾಲೇಜುಗಳು ಎದ್ದ ಮೇಲೂ ಹಳೇ ಮನೆ ಬಿಡದೆ ಅಲ್ಲಿಂದಲೇ ದಿನಾ ಬಂದು ಹೋಗುತ್ತಿದ್ದರು. ಡಿಗ್ರಿ ಮುಗಿಸಿ, ಏನು ಮಾಡಬೇಕೆಂದು ತೋಚದೆ, ಆಲ್ಬಂ ಅಂಟಿಸುವ ಕೆಲಸಕ್ಕೆಂದು ಅವರಲ್ಲಿಗೆ ಹೋದವಳು ನಾನು. ಮೂರು ವರ್ಷ ಅವರ ಹಿಂದೆ ಛತ್ರದಿಂದ ಛತ್ರಕ್ಕೆ ಓಡಾಡಿದೆ. ಬೆಳಕು ನೋಡುವುದನ್ನು, ಅಳುವ ಹೆಣ್ಣುಮಗಳ ಮುಖಕ್ಕೆ ಫ್ಲಾಶ್ ಹೊಡೆಯದೆ ಇರುವುದನ್ನು ಅವರಿಂದ ಕಲಿತೆ. ಆಮೇಲೆ ನಾನೇ ಸ್ವಂತಕ್ಕೆ ಶುರು ಮಾಡಿದಾಗ ಮೊದಲ ಗಿರಾಕಿಯನ್ನು ಕಳಿಸಿದವರೂ ಅವರೇ.

ಇನ್ಶೂರೆನ್ಸ್ ಮಾತನ್ನು ಒಮ್ಮೆ ಎತ್ತಿದೆ. ಅವರು ಲೆನ್ಸ್ ಒರೆಸುತ್ತಾ ನಕ್ಕರು. "ವೋಗೋಕ್ ಮುಂಚೇನೇ ಕಳ್ಳ ಬತ್ತಾನೆ ಅಂತ ಬರ್ದುಕೊಡೋದಾ? ಬ್ಯಾಡ ಬಿಡು." ಇನ್ನೊಮ್ಮೆ ಕೇಳಬಹುದಿತ್ತು. ಅವರ ಕ್ಯಾಮೆರಾದ ಸೀರಿಯಲ್ ನಂಬರ್ ನನ್ನ ಹತ್ತಿರವೇ ಇತ್ತು, ಪ್ರೀಮಿಯಂ ನಾನೇ ಕಟ್ಟಿಬಿಡಬಹುದಿತ್ತು. ಗುರುಗಳಿಗೆ ಬುದ್ಧಿ ಹೇಳಿದಂತಾಗುತ್ತದೆ ಎಂದು ಸಂಕೋಚವಾಯಿತು. ನಿಜ ಹೇಳಬೇಕೆಂದರೆ, ಅವರು ಬೇಡ ಅಂದಿದ್ದೇ ಒಳ್ಳೆಯದಾಯಿತು, ಒಂದು ಕೆಲಸ ಕಡಿಮೆ ಎಂದುಕೊಂಡೆ.

೨೦೧೪ರ ಸುಮಾರು ಅದು. ಆರ್.ಟಿ. ನಗರದ ಒಂದು ಕುಟುಂಬ ಮಗಳ ಮದುವೆಯನ್ನು ಮಲೇಷ್ಯಾದ ಒಂದು ದ್ವೀಪದಲ್ಲಿಟ್ಟುಕೊಂಡಿತ್ತು. ಕೆಲಸ ಒಪ್ಪಿಕೊಂಡವಳು ನಾನು. ಇಷ್ಟು ದೊಡ್ಡ ಮದುವೆ ಒಬ್ಬಳಿಂದ ಆಗದೆಂದು ಸರ್ ಅವರನ್ನು ಕರೆದೆ. ಐವತ್ತು ದಾಟಿದ ಮೇಲೆ ಅವರು ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದರು. ಹೊರಡುವ ಹೊತ್ತಿಗೆ ಮಗಳ ಲ್ಯಾಪ್‌ಟಾಪನ್ನೂ ಕೇಳಿ ತಂದಿದ್ದರು, ಅಲ್ಲೇ ಫೋಟೋ ಕಾಪಿ ಮಾಡಿಕೊಳ್ಳಲೆಂದು. ಮಗಳು ಆಗ ಇಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದಳು.

ಮದುವೆ ಚೆನ್ನಾಗಿ ನಡೆಯಿತು. ಸಮುದ್ರದ ಎದುರು ಮುಹೂರ್ತದ ಹೊತ್ತಿಗೆ ಗಾಳಿಗೆ ಅಂತರಪಟ ಹಾರಿ ಪುರೋಹಿತರ ತಲೆಗೆ ಸುತ್ತಿಕೊಂಡಿತು. ನಾನು ನಗುತ್ತಾ ನಿಂತುಬಿಟ್ಟೆ. ಸರ್ ಮಾತ್ರ ಆ ಕ್ಷಣವನ್ನು ಹಿಡಿದಿದ್ದರು. ಈಗಲೂ ಆ ಮನೆಯವರ ಹಾಲ್‌ನಲ್ಲಿ ತೂಗುಹಾಕಿರುವುದು ಅದೇ ಫೋಟೋ.

ವಾಪಸ್ ಹೊರಡುವ ದಿನ ಕೌಲಾಲಂಪುರದಲ್ಲಿ ಅರ್ಧ ದಿನ ಬಿಡುವಿತ್ತು. ಊರಾಚೆ ಸುಣ್ಣಕಲ್ಲಿನ ಗುಹೆಯೊಳಗೆ ಸುಬ್ರಹ್ಮಣ್ಯನ ಗುಡಿ ಇದೆಯಲ್ಲ, ಅದನ್ನು ನೋಡಿಕೊಂಡೇ ಏರ್‌ಪೋರ್ಟಿಗೆ ಹೋಗೋಣ ಎಂದವಳು ನಾನು. ವ್ಯಾನಿನ ಡ್ರೈವರ್ ಅಲ್ಲಿನ ತಮಿಳಿನವನು. ಜಾಗ ಸಿಗದೆ ದೂರದಲ್ಲಿ ರಸ್ತೆ ಪಕ್ಕ ನಿಲ್ಲಿಸಿದ. ಬ್ಯಾಗುಗಳೆಲ್ಲ ಹಿಂದಿನ ಸೀಟಿನಲ್ಲಿದ್ದವು.

"ನೀನ್ ವೋಗ್ಬಾ, ನಾನ್ ಇಲ್ಲೇ ಕುಂತಿರ್ತೀನಿ. ಮಂಡಿ ಬೇರೆ ಇಡ್ಕೊಂಡೈತೆ" ಅಂದರು ಸರ್.

"ಇಷ್ಟು ದೂರ ಬಂದು ಸ್ವಾಮಿ ನೋಡ್ದೆ ಹೋಗ್ತೀರಾ? ಬನ್ನಿ ಸರ್, ನಿಧಾನಕ್ಕೆ ಹತ್ತೋಣ. ಡ್ರೈವರ್ ಇರ್ತಾರಲ್ಲ." ಅವರ ತೋಳು ಹಿಡಿದು ಇಳಿಸಿದೆ.

ಮೆಟ್ಟಿಲ ಮೇಲೆ ಕೋತಿಗಳು ಯಾರದೋ ಬಾಳೆಹಣ್ಣು ಕಿತ್ತುಕೊಂಡು ಓಡುತ್ತಿದ್ದವು. ಸರ್ ಅಲ್ಲಲ್ಲಿ ನಿಂತು ಉಸಿರೆಳೆದುಕೊಂಡು ಹತ್ತಿದರು. ಗುಡಿಯಲ್ಲಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು, "ನೀನ್ ಎಳ್ಕೊಂಡ್ ಬಂದಿದ್ದು ಒಳ್ಳೇದಾಯ್ತು ಕಣಮ್ಮ" ಅಂದರು. ನನಗೆ ಹೆಮ್ಮೆಯಾಯಿತು.

ಕೆಳಗಿಳಿದು ಬಂದಾಗ ಡ್ರೈವರ್ ರಸ್ತೆಯಾಚೆಯಿಂದ ಓಡಿ ಬರುತ್ತಿದ್ದ. ಟೀ ಕುಡಿಯಲು ಹೋಗಿದ್ದನಂತೆ. ವ್ಯಾನಿನ ಎಡಗಡೆಯ ಗಾಜು ಪುಡಿಯಾಗಿ ಸೀಟಿನ ಮೇಲೆಲ್ಲ ಚೆಲ್ಲಿತ್ತು. ಬಟ್ಟೆಯ ಸೂಟ್‌ಕೇಸುಗಳು ಇದ್ದವು. ಎರಡು ಕ್ಯಾಮೆರಾ ಬ್ಯಾಗುಗಳೂ ಎರಡು ಲ್ಯಾಪ್‌ಟಾಪುಗಳೂ ಇರಲಿಲ್ಲ. ಮದುವೆಯ ಮೆಮೊರಿ ಕಾರ್ಡುಗಳು ಮಾತ್ರ ಸೊಂಟದ ಚೀಲದಲ್ಲಿದ್ದವು. ಕಾರ್ಡು ಮೈಮೇಲೇ ಇರಬೇಕು ಎನ್ನುವುದು ಸರ್ ಕಲಿಸಿದ ಮೊದಲ ಪಾಠ.

ನಾನು ರಸ್ತೆಯಲ್ಲೇ ಕುಳಿತು ಅತ್ತೆ. ಡ್ರೈವರ್ ಇಬ್ಬರಿಗೂ ಕೈಮುಗಿಯುತ್ತಿದ್ದ. ಆಮೇಲೆ ನೆನಪಾಗಿ ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದೆ.

"ಅಕ್ಕ, ಅಳ್ಬೇಡ, ಕೇಳು. ಪೊಲೀಸ್ ಕಂಪ್ಲೇಂಟ್ ಕೊಡು, ಅದರ ಕಾಪಿ ತಗೋ. ಗಾಡಿ ಬಿಟ್ಟು ಹೋಗಿದ್ರಿ ಅಂದ್ರೆ ಕಂಪ್ನಿಯೋರು ಕ್ಯಾತೆ ತೆಗೀತಾರೆ. ಬಾಗ್ಲು ಲಾಕ್ ಆಗಿತ್ತು, ಗಾಜು ಒಡೆದೇ ಕದ್ದಿದ್ದಾರೆ ಅನ್ನೋದು ಫೋಟೋದಲ್ಲಿ ಕಾಣ್ಬೇಕು. ಗಾಜು ಯಾರೂ ಮುಟ್ಟೋ ಮುಂಚೆ ತೆಗ್ದುಬಿಡು." ಸ್ವಲ್ಪ ತಡೆದು ಕೇಳಿದ, "ಸರ್‌ದು?"

"ಅವ್ರು ಮಾಡ್ಸಿಲ್ಲ" ಅಂದೆ.

ಅಳುತ್ತಲೇ ಫೋನಿನಲ್ಲಿ ನಾಲ್ಕಾರು ಫೋಟೋ ತೆಗೆದೆ. ತೆಗೆದದ್ದೆಲ್ಲ ಮಸುಕು. ಸರ್ ಬಂದು, "ಇಲ್ಲಿ ಕೊಡು, ಏನ್ ಕಾಣ್ಬೇಕು ಏಳು" ಎಂದು ಫೋನ್ ತೆಗೆದುಕೊಂಡರು. ಹೇಳಿದೆ. ಮಂಡಿ ನೋವನ್ನು ಲೆಕ್ಕಿಸದೆ ಬಗ್ಗಿ, ಕೂತು, ವ್ಯಾನಿನ ಸುತ್ತ ಬಂದರು. ಬಾಗಿಲು ಒಳಗಿನಿಂದ ಲಾಕ್ ಆಗಿರುವುದು, ಗಾಜಿನ ಚೂರು ಒಳಮುಖವಾಗಿ ಬಿದ್ದಿರುವುದು, ವ್ಯಾನಿನ ನಂಬರ್ ಜೊತೆ ಒಡೆದ ಕಿಟಕಿ ಕಾಣುವುದು, ಸೀಟಿನಲ್ಲಿ ಬ್ಯಾಗಿದ್ದ ಜಾಗ. ಬಿಸಿಲು ಗಾಜಿನ ಮೇಲೆ ಹೊಳೆಯುತ್ತಿದ್ದರಿಂದ ತಮ್ಮ ಟವೆಲ್ಲನ್ನು ಡ್ರೈವರ್ ಕೈಗೆ ಕೊಟ್ಟು ನೆರಳು ಹಿಡಿಸಿದರು. ಮದುಮಗಳ ಫೋಟೋ ತೆಗೆಯುವಾಗ ಇರುವಷ್ಟೇ ತಾಳ್ಮೆ. ಅದೇ ಸೀಟಿನಲ್ಲಿ ಅವರ ಬ್ಯಾಗೂ ಇತ್ತು. ಅದಕ್ಕೆ ಯಾವ ಫೋಟೋವೂ ಬೇಕಾಗಿರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟು, ಅದರ ಕಾಪಿ ತೆಗೆದುಕೊಂಡು ಹೊರಟೆವು. ವಿಮಾನದಲ್ಲಿ ನಾನು, "ನಾನ್ ಕರೀಬಾರದಿತ್ತು ಸರ್" ಅಂದೆ.

"ದೇವ್ರ ನೋಡೋಕ್ ಕರ್ದೆ. ಅದ್ರಲ್ಲೇನ್ ತಪ್ಪು? ಮಲ್ಕೋ."

ಕಂಪನಿಯವರು ಒಂದೆರಡು ಪ್ರಶ್ನೆ ಕೇಳಿದರು. ಫೋಟೋಗಳನ್ನು ನೋಡಿದ ಮೇಲೆ ಮತ್ತೆ ಕೇಳಲಿಲ್ಲ. ಚಿಕ್ಕಮ್ಮನ ಮಗ ಬೀದಿ ತುಂಬ ನನ್ನ ಕಥೆ ಹೇಳಿಕೊಂಡು ಇನ್ನಷ್ಟು ಪಾಲಿಸಿ ಮಾಡಿಸಿದ. ನನ್ನ ಹಳೇ ಮಾಡೆಲ್ ಮಾರುಕಟ್ಟೆಯಲ್ಲಿ ಇರಲಿಲ್ಲವಾದ್ದರಿಂದ ಅದಕ್ಕಿಂತ ಒಳ್ಳೆಯ ಕ್ಯಾಮೆರಾ ಬಂತು. ಹೊಸ ಲ್ಯಾಪ್‌ಟಾಪೂ ಬಂತು.

ಎರಡನ್ನೂ ತೆಗೆದುಕೊಂಡು ಸೋಲದೇವನಹಳ್ಳಿಗೆ ಹೋದೆ. ಸರ್ ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡು, ತಿರುಗಿಸಿ ನೋಡಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಒಂದು ಫೋಟೋ ತೆಗೆದರು. "ನೀವೇ ಇಟ್ಕೊಳ್ಳಿ ಸರ್" ಅಂದೆ. "ಉಚ್ಚು ಇಡ್ದೈತಾ ನಿನ್ಗೆ?" ಎಂದು ನಕ್ಕು ನನ್ನ ಕೊರಳಿಗೇ ಅದರ ಪಟ್ಟಿ ಹಾಕಿದರು.

ಮಗಳು ಕಾಫಿ ತಂದಿಟ್ಟು ಕೇಳಿದಳು, "ಅಕ್ಕ, ನಿಮ್ದು ಮಾತ್ರ ವಾಪಸ್ ಬಂತಾ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಅವಳ ಪ್ರಾಜೆಕ್ಟ್ ಎಲ್ಲ ಆ ಲ್ಯಾಪ್‌ಟಾಪಿನಲ್ಲೇ ಇತ್ತೆಂದು, ಗೆಳತಿಯ ಮನೆಯಲ್ಲಿ ಕೂತು ಮೊದಲಿಂದ ಮಾಡುತ್ತಿದ್ದಾಳೆಂದು ಅವಳಮ್ಮ ಹೇಳಿದರು. ನಾನು ಹೊಸ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟೆ. ಸರ್ ಬೇಡ ಅನ್ನಲು ಬಾಯಿ ತೆರೆದವರು ಮಗಳ ಮುಖ ನೋಡಿ ಕಾಫಿ ಲೋಟ ಎತ್ತಿಕೊಂಡರು. ಬಸ್ಸಿನಲ್ಲಿ ಬರುವಾಗ ಮನಸ್ಸು ಹಗುರಾಗಿತ್ತು. ಚಿಕ್ಕಬಾಣಾವರ ದಾಟುವಷ್ಟರಲ್ಲಿ, ಇಷ್ಟು ಅಗ್ಗಕ್ಕೆ ಹಗುರಾದೆನಲ್ಲ ಎಂದು ನಾಚಿಕೆಯಾಯಿತು.

ಅವರು ಬಾಡಿಗೆ ಕ್ಯಾಮೆರಾದಲ್ಲಿ ಒಂದಷ್ಟು ದಿನ ಕೆಲಸ ಮಾಡಿದರು. ಆಮೇಲೆ ಯಶವಂತಪುರದ ಸ್ಟುಡಿಯೋ ಬಿಟ್ಟುಕೊಟ್ಟರು. ಒಂದು ದಿನ ಫೋನ್ ಮಾಡಿ, "ನಿನ್ಗೆ ಜೊತೆಗೆ ಯಾರಾರಾ ಬೇಕಾದ್ರೆ ಏಳು" ಅಂದರು. ಕೆಲಸ ಕೇಳುವುದು ಅವರಿಗೆ ಅಭ್ಯಾಸವಿರಲಿಲ್ಲ. ಮಾತು ಮುಗಿದ ತಕ್ಷಣ ಫೋನ್ ಇಟ್ಟುಬಿಟ್ಟರು.

ಹೀಗೆ ನಾನು ಒಪ್ಪಿಕೊಂಡ ಮದುವೆಗಳಿಗೆ ಅವರು ಬರತೊಡಗಿದರು. ಹೆಬ್ಬಾಳದ ಒಂದು ಛತ್ರದಲ್ಲಿ ಹುಡುಗಿಯ ಸೋದರಮಾವ ಅವರತ್ತ ಬೆರಳು ತೋರಿಸಿ, "ಏ ಅಸಿಸ್ಟೆಂಟು, ಮೇಡಂಗೆ ಅಡ್ಡ ಬರ್ಬೇಡ, ಆ ಲೈಟ್ ಹಿಡ್ಕೊ ಹೋಗು" ಅಂದ. ಮುಹೂರ್ತ ಹತ್ತಿರವಾಗಿತ್ತು. ಇವರು ನನ್ನ ಗುರುಗಳು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸರ್ ಲೈಟ್ ಹಿಡಿದಾಗಿತ್ತು. ಗಟ್ಟಿಮೇಳ ಶುರುವಾಯಿತು. ಅವತ್ತಿನ ತಾಳಿ ಕಟ್ಟುವ ಫೋಟೋಗಳೆಲ್ಲ ನಾನು ತೆಗೆದವು, ಒಂದೂ ಚೆನ್ನಾಗಿಲ್ಲ. ನಾನು ಹುಡುಗಿಯನ್ನು ನೋಡುತ್ತಿರಲಿಲ್ಲ. ಲೈಟ್ ಹಿಡಿದ ಕೈ ನೋಡುತ್ತಿದ್ದೆ.

ಊಟಕ್ಕೆ ಕೂತಾಗ ಅವರೇ ಮಾತೆತ್ತಿದರು. "ನೋಡಮ್ಮ, ಬರೋ ವಾರದಿಂದ ನಾನ್ ಬರಲ್ಲ."

"ಅವನ ಮಾತಿಗಾ ಸರ್? ನಾನು ಹೋಗಿ ಕೇಳ್ತೀನಿ."

"ಅವ್ನ್ ಏನಂದ? ಲೈಟ್ ಇಡ್ಕೊ ಅಂದ, ಇಡ್ಕೊಂಡೆ. ತೊಂದ್ರೆ ಅವ್ನ್ದಲ್ಲ, ನಿನ್ದು. ನೀನ್ ನನ್ ಮಕ ನೋಡ್ಕೊಂಡು ಕೆಲ್ಸ ಮಾಡ್ತಿದೀಯ. ಇಂಗಾದ್ರೆ ನಿನ್ ಫೋಟೋನೂ ಕೆಡ್ತವೆ, ನನ್ಗೂ ಅನ್ನ ಇಳಿಯಲ್ಲ. ನೀನ್ ಯಾವಾಗ್ಲೂ ಸಾರಿ ಕೇಳೋಳಂಗೆ ನೋಡ್ತಿದ್ರೆ ನಾನ್ ಎಷ್ಟ್ ಸಲ ಪರ್ವಾಗಿಲ್ಲ ಅನ್ಲಿ?"

ಅದು ನನಗೆ ಹೊಳೆದೇ ಇರಲಿಲ್ಲ. ಕಳೆದುಕೊಂಡವರು ಅವರು, ಸಮಾಧಾನ ಮಾಡಿಸಿಕೊಳ್ಳುತ್ತಿದ್ದವಳು ನಾನು. ಎಲೆಯಲ್ಲಿದ್ದ ಹೋಳಿಗೆ ಮುರಿದು ತಿಂದೆ.

ಮರುವರ್ಷ ಅವರು ಚಿಕ್ಕಬಾಣಾವರದಲ್ಲಿ ಝೆರಾಕ್ಸ್ ಮತ್ತು ಪಾಸ್‌ಪೋರ್ಟ್ ಫೋಟೋದ ಸಣ್ಣ ಅಂಗಡಿ ಇಟ್ಟರು. ಕಾಲೇಜು ಹುಡುಗರು ಅಡ್ಮಿಶನ್ನಿಗೆ, ಹಾಲ್ ಟಿಕೆಟ್ಟಿಗೆ ಎಂದು ಸಾಲುಗಟ್ಟುತ್ತಿದ್ದರು. ಮದುವೆ ಕೆಲಸಕ್ಕೆ ಅವರು ಮರಳಲಿಲ್ಲ. ಖುಷಿಯಾಗಿದ್ದಾರೆ ಎಂದು ಮಗಳು ಹೇಳುತ್ತಿದ್ದಳು. ಅವಳಿಗೆ ಕೆಲಸ ಸಿಕ್ಕಿತ್ತು. ಅಪ್ಪನಿಗೆ ಕ್ಯಾಮೆರಾ ಕೊಡಿಸಲಾ ಎಂದು ಕೇಳಿದರೆ, ಈ ವಯಸ್ಸಿನಲ್ಲಿ ಅದನ್ನು ಹೊತ್ತು ಯಾರು ಓಡಾಡುತ್ತಾರೆ ಎಂದರಂತೆ. ಆ ಮಾತು ನಿಜವೋ, ಮಗಳಿಗೆ ಖರ್ಚಾಗದಿರಲೆಂದು ಹೇಳಿದ್ದೋ ನಾನರಿಯೆ. ನಿಜವೆಂದು ನಂಬುವುದು ನನಗೆ ಅನುಕೂಲ. ಅದಕ್ಕೇ ಪೂರ್ತಿ ನಂಬಲಾಗುವುದಿಲ್ಲ.

೨೦೧೮ರಲ್ಲಿ ಇನ್ನೊಂದು ಮದುವೆಗೆ ಹೊರದೇಶಕ್ಕೆ ಹೊರಟಾಗ ವೀಸಾ ಫೋಟೋಗೆ ಅವರ ಅಂಗಡಿಗೇ ಹೋದೆ. ಯಲಹಂಕದಲ್ಲೇ ಎಷ್ಟೋ ಅಂಗಡಿಗಳಿದ್ದವು. ಅವರನ್ನು ನೋಡಿ ತಿಂಗಳುಗಳಾಗಿತ್ತು. ಸರ್ ನೀಲಿ ಪರದೆ ಸರಿಸಿ ಬಿಳಿ ಪರದೆ ಇಳಿಬಿಟ್ಟರು. ಸ್ಟೂಲಿನ ಮೇಲೆ ಕೂರಿಸಿ, ಕೂದಲನ್ನು ಕಿವಿ ಹಿಂದೆ ಸರಿಸಿಕೋ ಎಂದು ಸನ್ನೆ ಮಾಡಿದರು. ಒಂದು ತೆಗೆದು, ಕ್ಯಾಮೆರಾದಲ್ಲಿ ನೋಡಿ, ತಲೆ ಅಲ್ಲಾಡಿಸಿದರು. ಇನ್ನೊಂದು ತೆಗೆದರು. ಅದಕ್ಕೂ ಅಷ್ಟೇ.

"ಏನಾಯ್ತು ಸರ್, ಕಣ್ಣು ಮುಚ್ಚಿದ್ನಾ?"

"ಕಣ್ ಸರಿಯಾಗೈತೆ. ಮಕ ಸಡ್ಲ ಬಿಡು. ಕದ್ದು ಸಿಕ್ಕಾಕೊಂಡೋಳ್ ಥರ ಕುಂತಿದೀಯ. ಇಂಗಿದ್ರೆ ಯಾವ್ ದೇಶದೋನೂ ಒಳಗೆ ಬಿಡಲ್ಲ."

ಬಾಗಿಲಲ್ಲಿ ಝೆರಾಕ್ಸಿಗೆ ಕಾಯುತ್ತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ನಾನೂ ನಗಲು ನೋಡಿದೆ. ವೀಸಾ ಫೋಟೋದಲ್ಲಿ ನಗುವಂತಿಲ್ಲ ಎಂದು ಗದರಿ, ಅವರು ಮತ್ತೆ ಕ್ಯಾಮೆರಾ ಎತ್ತಿದರು.